ಕೋದಂಡಪ್ಪನ ವಿದೇಶಾಂಗ ನೀತಿ

ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ ಹಾಲಿನಂಗಡಿ ಇಟ್ಟಿದ್ದ ಕೋದಂಡಪ್ಪನಿಗೆ ಪರದೇಶದವರ ಕಷ್ಟ ಕೇಳಿದರೆ ಕರುಳು ಚುರ್ರೆನ್ನುತ್ತಿತ್ತು. ಕಷ್ಟ ದೂರದ್ದಾದಷ್ಟೂ ಚುರುಕು ಜಾಸ್ತಿ. ಎಪ್ಪತ್ತೊಂದರಲ್ಲಿ ಬಾಂಗ್ಲಾದವರಿಗಾಗಿ ಅಂಗಡಿಯಲ್ಲೇ ಕೂತು ಕಣ್ಣೀರು ಹಾಕಿದ್ದ. ಹೆಂಡತಿ ಪಾಪಕ್ಕ ಜ್ವರದಲ್ಲಿ ಮಲಗಿದಾಗ ಮಾತ್ರ, "ಈಗ ಎಮ್ಮೆ ಕರೆಯೋರ್ ಯಾರು?" ಎಂದಿದ್ದ.

ಎಂಬತ್ತಮೂರರಲ್ಲಿ ಶ್ರೀಲಂಕಾದ ತಮಿಳರ ಮನೆಗಳಿಗೆ ಬೆಂಕಿ ಬಿದ್ದ ಸುದ್ದಿ ರೇಡಿಯೊದಲ್ಲಿ ಬಂತು. ಗಣಿಯಲ್ಲಿ ದುಡಿಯುವವರು ಹೆಚ್ಚಾಗಿ ತಮಿಳರೇ ಆದ್ದರಿಂದ ಪೇಟೆ ಬಾಗಿಲು ಹಾಕಿತು. ಕೋದಂಡಪ್ಪನ ಮನೆಮಾತು ತೆಲುಗು. ಆದರೂ ಪ್ರತಿಭಟನಾ ಸಭೆಯಲ್ಲಿ ಎದ್ದು ನಿಂತ.

"ಡೆಲ್ಲಿನಾಗೆ ಕುಂತೋರು ಏನ್ ಮಾಡ್ತಾವ್ರೆ? ಮಿಲ್ಟ್ರಿ ಕಳಿಸ್ಬೇಕು. ಅಲ್ಲಿಂದ ಬಂದೋರಿಗೆ ನಮ್ಮನೆ ಬಾಗಿಲು ತೆಗ್ದೇ ಇರ್ತದೆ."

ಚಪ್ಪಾಳೆ ಬಿತ್ತು.

ಮರುವರ್ಷ ಆ ಬಾಗಿಲಿಗೆ ಪೆರುಮಾಳ್ ಬಂದು ನಿಂತ. ಶ್ರೀಲಂಕಾದ ಬೆಟ್ಟಸೀಮೆ ಬದುಳ್ಳದ ಟೀ ತೋಟದ ಕೂಲಿ. ಮನೆ ಸುಟ್ಟುಹೋಗಿ, ಬಸುರಿ ಹೆಂಡತಿಯೊಂದಿಗೆ ಸಮುದ್ರ ದಾಟಿ, ಮೈಸೂರು ಮೈನ್ಸ್ ಗಣಿಯಲ್ಲಿ ದುಡಿಯುತ್ತಿದ್ದ ನೆಂಟರನ್ನು ಹುಡುಕಿಕೊಂಡು ಬಂದಿದ್ದ. ನೆಂಟರ ಮನೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಅಂಗಡಿ ಹಿಂದಿನ ಖಾಲಿ ಕೋಣೆ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದ.

"ನಿನ್ ಕಷ್ಟ ನಂಗೊತ್ತಪ್ಪ, ಭಾಷಣಾನೇ ಮಾಡಿದ್ದೀನಿ," ಎಂದ ಕೋದಂಡಪ್ಪ. "ಆದ್ರೆ ಇದು ಎರಡು ದೇಶದ ಇಚಾರ. ಸರ್ಕಾರ ಒಂದು ನೀತಿ ಮಾಡ್ಲಿ, ಆಮ್ಯಾಕೆ ನೋಡಾನ."

ಒಳಗಿಂದ ಬಂದ ಪಾಪಕ್ಕ ಪೆರುಮಾಳನ ಹಿಂದೆ ನಿಂತಿದ್ದ ಹೆಂಗಸಿನ ಹೊಟ್ಟೆ ನೋಡಿದಳು. ಸರ್ಕಾರದ ನೀತಿಗೆ ಕಾಯದೆ ಕೋಣೆಯ ಬೀಗ ತೆಗೆದಳು.

ಕೋದಂಡಪ್ಪ ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ, "ನಾನೇ ಆಶ್ರಯ ಕೊಟ್ಟಿದ್ದೀನಿ," ಎಂದು ಗಿರಾಕಿಗಳಿಗೆಲ್ಲ ಕೋಣೆ ತೋರಿಸತೊಡಗಿದ. ಸಭೆಗಳಿಗೆ ಪೆರುಮಾಳನನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದ. ಬಾಯಿ ಬಿಡಲು ಮಾತ್ರ ಬಿಡುತ್ತಿರಲಿಲ್ಲ.

ಎಂಬತ್ತೇಳರಲ್ಲಿ ದೆಹಲಿ ನಿಜಕ್ಕೂ ಸೈನ್ಯ ಕಳಿಸಿತು. ತನ್ನನ್ನು ಕೇಳಿಯೇ ಕಳಿಸಿದರು ಎಂಬಂತೆ ಕೋದಂಡಪ್ಪ ಮೈಸೂರುಪಾಕು ಹಂಚಿದ. ಹೋದವರಲ್ಲಿ ಅವನ ತಂಗಿಯ ಮಗ ಆದಿನಾರಾಯಣನೂ ಇದ್ದ. ಮರುವರ್ಷ ಅವನು ನೆಲಬಾಂಬಿಗೆ ಒಂದು ಕಾಲು ಕಳೆದುಕೊಂಡು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಊರುಗೋಲು ಊರಿ ಇಳಿದ.

ಹಾರ ಹಿಡಿದು ಬಂದವರೆದುರು ಕೋದಂಡಪ್ಪ ಗದ್ಗದಿತನಾದ. "ಪರದೇಶದೋರ ಜಗಳಕ್ಕೆ ನಮ್ಮುಡುಗ್ರನ್ನ ಯಾಕೆ ಕಳಿಸ್ಬೇಕಿತ್ತು? ನಾನು ಮೊದ್ಲಿಂದ್ಲೂ ಬ್ಯಾಡಾಂತ್ಲೇ ಏಳ್ತಿದ್ದೆ."

ಅಂದು ಚಪ್ಪಾಳೆ ತಟ್ಟಿದವರೂ ಮೊದಲಿಂದಲೂ ಬೇಡವೆಂದೇ ಹೇಳುತ್ತಿದ್ದವರಾಗಿಬಿಟ್ಟಿದ್ದರು.

ಮನೆಗೆ ಬಂದವನೇ ಕೋಣೆ ಖಾಲಿ ಮಾಡೆಂದು ಪೆರುಮಾಳನಿಗೆ ಹೇಳಿದ. "ನಿಮ್ಮಿಂದ್ಲೇ ಇವನ ಕಾಲೋಯ್ತು."

ಜಗಲಿಯಲ್ಲಿ ಕೂತಿದ್ದ ಆದಿನಾರಾಯಣ, "ಸುಮ್ಕಿರು ಮಾವ," ಎಂದು ಪೆರುಮಾಳನನ್ನು ಪಕ್ಕಕ್ಕೆ ಕರೆದ. ಪಾಪಕ್ಕ ಇಬ್ಬರಿಗೂ ಕಾಫಿ ತಂದಿಟ್ಟಳು. ಕೋಣೆಯ ಮಾತು ಅಲ್ಲಿಗೇ ನಿಂತಿತು.

ಪೆರುಮಾಳ್ ಲೋಟ ಕೆಳಗಿಟ್ಟು ಕೇಳಿದ. "ಬದುಳ್ಳ ಕಡೆ ಹೋಗಿದ್ರಾ? ತೋಟದ ಕೂಲಿಯೋರ ಲೈನ್ ಮನೆಗಳು ಈಗ ಹೆಂಗವೆ?"

"ಇಲ್ಲ. ನಿಮ್ಮ ಬೆಟ್ಟದ ಕಡೆಗೆ ನಮ್ಮನ್ನ ಕಳಿಸ್ಲೇ ಇಲ್ಲ."