ಬೀಳದ ಅಡ್ಡಗೋಲು

ಗುತ್ತೂರಿನ ಹತ್ತಿರ ಒಂದು ಅಕ್ಕಿ ಗಿರಣಿಯ ಹಿಂದೆ ಕೆಲವು ಕಾಲ ಕುದುರೆ ಸವಾರಿ ಕಲಿಸುವ ಮೈದಾನವಿತ್ತು. ಮರಳಿನ ಮೇಲೆ ಗಿರಣಿಯದೇ ಭತ್ತದ ಹೊಟ್ಟು ಹಾಸಿದ್ದರು. ಬಿದ್ದವರಿಗೆ ಪೆಟ್ಟು ಕಡಿಮೆ, ಆದರೆ ಮನೆಗೆ ಹೋಗಿ ಸ್ನಾನ ಮಾಡಿದ ಮೇಲೂ ಕಿವಿಯೊಳಗಿಂದ ಹೊಟ್ಟು ಬರುತ್ತಿತ್ತು.

ಗಿರಣಿಯ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ತಲೆಮಾರುಗಳಿಂದ ವ್ಯಾಪಾರ, ಜಮೀನು ಮಾಡಿಕೊಂಡು ಬಂದ ಮನೆತನ. ನಮ್ಮ ಊರಿನಲ್ಲೂ ಕುದುರೆ ಬೇಲಿ ಹಾರಬೇಕು ಎಂಬುದು ಅವರ ಆಸೆ. ಕಲಿಸಲು ಅವರು ಹಿಡಿದು ತಂದ ಮನುಷ್ಯ ನಿಜವಾದ ಪರಿಣತ. ಹುಟ್ಟಿದ್ದು ಕುಕ್ಕುವಾಡದ ಒಕ್ಕಲು ಮನೆಯಲ್ಲಿ. ಚಿಕ್ಕ ವಯಸ್ಸಿನಲ್ಲೇ ಸೇನೆಯ ಕುದುರೆ ದಳ ಸೇರಿ, ಉತ್ತರದಲ್ಲಿ ಅಧಿಕಾರಿಗಳಿಗೆ ಜಂಪಿಂಗ್ ಕಲಿಸಿ, ನಿವೃತ್ತರಾಗಿ ವಾಪಸು ಬಂದವರು. ಅವರ ನಿಜವಾದ ದರ್ಜೆಯ ಹೆಸರು ಯಾರ ಬಾಯಿಗೂ ಹತ್ತದೆ ಸುಬೇದಾರ್ರು ಆದರು.

ನಾನು ದಾವಣಗೆರೆಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವಳು. ವರದಿಗಾರರು ಕಳಿಸಿದ ಅಪಘಾತ, ಜಗಳ, ಉದ್ಘಾಟನೆಗಳನ್ನು ತಿದ್ದುವುದು ನನ್ನ ಕೆಲಸ. ಭಾನುವಾರದ ಪುಟಕ್ಕೊಂದು ಲೇಖನಕ್ಕೆಂದು ಆ ಮೈದಾನಕ್ಕೆ ಹೋಗಿದ್ದೆ. ಸುಬೇದಾರ್ರು ನನ್ನ ಪೆನ್ನನ್ನು ನೋಡಿ, "ಮೇಡಮ್ರೇ, ಕೆಳಗ ನಿಂತು ಏನು ಬರೀತೀರಿ? ಹತ್ರಿ ಮ್ಯಾಲೆ" ಎಂದರು. ಹತ್ತಿದೆ. ಲೇಖನ ಅಚ್ಚಾದ ಮೇಲೂ ಹೋಗುತ್ತಲೇ ಇದ್ದೆ. ಕೆ.ಬಿ. ಬಡಾವಣೆಯಲ್ಲಿ ನನ್ನ ಪಕ್ಕದ ಮನೆಯವರು, "ಈ ವಯಸ್ಸಿಗೆ ಕುದ್ರೆ ಯಾಕ್ರೀ, ವಾಕಿಂಗ್ ಸಾಕಾಗಲ್ವಾ?" ಎಂದು ಕೇಳುವುದನ್ನು ಕೆಲವು ವಾರಗಳಲ್ಲಿ ಬಿಟ್ಟರು.

ನನಗೆ ಕೊಟ್ಟದ್ದು ಕಂದು ಬಣ್ಣದ ಒಂದು ಹೆಣ್ಣು ಕುದುರೆ. ರೇಸಿನಿಂದ ಹೊರಗೆ ಹಾಕಿದ್ದು. ಓಡುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಬೇಲಿ ಕಂಡೊಡನೆ ಅವಸರ ಮಾಡಿ, ಹತ್ತಿರ ಹೋಗಿ, ಮುಂಗಾಲಿನಿಂದ ಕೋಲು ಬೀಳಿಸುತ್ತಿತ್ತು. ಗಿರಣಿಗೆ ಬಂದ ಸಾವ್ಕಾರ್ರ ಸ್ನೇಹಿತರು ಮೈದಾನದ ಅಂಚಿನಲ್ಲಿ ಚಹಾ ಕುಡಿಯುತ್ತ ನಗುತ್ತಿದ್ದರು. "ಏನ್ ಸಾವ್ಕಾರ್ರೇ, ಕುದ್ರೆ ತಂದೀರೋ, ಕಟ್ಟಿಗಿ ಬೀಳ್ಸೋ ಮಿಷನ್ ತಂದೀರೋ?" ಆ ನಗು ಸಾವ್ಕಾರ್ರಿಗೆ ಚುಚ್ಚಿತು. ಬರುವ ಭಾನುವಾರ ಸವಾರಿ ಶಾಲೆಯ ಪ್ರದರ್ಶನ, ಕಲಿಯುವ ಮಕ್ಕಳ ತಂದೆತಾಯಿಯರು ಬರುತ್ತಾರೆ. ಅವತ್ತು ಕುದುರೆ ಸರಿಯಾಗಿ ಹಾರದಿದ್ದರೆ ಹರಿಹರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನಿಗೆ ಅದನ್ನು ಒಪ್ಪಿಸುವುದು ಎಂದು ತೀರ್ಮಾನಿಸಿದರು. ಮಾತಾಡಿಯೂ ಆಗಿತ್ತು.

ಸುಬೇದಾರ್ರಿಗೆ ಅದು ಬೇಡವಾಗಿತ್ತು. "ಮೆರವಣಿಗಿ ಕುದ್ರೆ ಬ್ಯಾರೆ ಜಾತಿ ಮೇಡಮ್ರೇ. ಅವು ಡೊಳ್ಳಿನಾಗ ನಿದ್ದಿ ಮಾಡ್ತಾವೆ. ಇದಕ್ಕೆ ಒಂದು ಪಟಾಕಿ ಹೊಡದ್ರೆ ಜನರ ಮ್ಯಾಲೆ ಹೋಗ್ತೈತೆ. ಆಮ್ಯಾಲೆ ಬಾಯಿಗೆ ಮುಳ್ಳಿನ ಕಬ್ಬಿಣ ಹಾಕ್ತಾರೆ, ಕಾಲು ಬಿಗೀತಾರೆ. ಹೆದರಿ ಹೆದರಿನೇ ಮುಗೀತೈತೆ."

ಹಾಗಾಗಿ ಆ ವಾರದ ನನ್ನ ಪಾಠ ನನ್ನದಾಗಿರಲಿಲ್ಲ, ಕುದುರೆಯದಾಗಿತ್ತು. ನಾನು ಹಗುರ, ಅವಸರದವಳಲ್ಲ ಎಂಬ ಕಾರಣಕ್ಕೆ ಅವರು ನನ್ನನ್ನು ಮೇಲೆ ಕೂರಿಸಿದರು.

ಮೊದಲು ನೆಲದ ಮೇಲೆ ಕೋಲುಗಳನ್ನಿಟ್ಟು ಅವುಗಳ ಮೇಲೆ ನಡೆಸಿದರು. ಆಮೇಲೆ ನಿಧಾನವಾದ ಓಟ. ಆಮೇಲೆ ಮೊಣಕಾಲೆತ್ತರದ ಬೇಲಿ. ಬೇಲಿ ಎಂದರೆ ಎರಡು ಕಂಬ, ಪ್ರತಿ ಕಂಬಕ್ಕೂ ಅಂಗೈಯಷ್ಟು ಅಗಲದ, ಆಳವಿಲ್ಲದ ಕಬ್ಬಿಣದ ಬಟ್ಟಲು, ಅದರಲ್ಲಿ ಸುಮ್ಮನೆ ಕೂರಿಸಿದ ನೀಲಗಿರಿ ಮರದ ಅಡ್ಡಗೋಲು. ಬೆರಳಿನಿಂದ ದೂಡಿದರೆ ಉರುಳಬೇಕು.

"ಹಿಮ್ಮಡಿ ಕೆಳಗ. ರಿಕಾಬಿನ ಮ್ಯಾಲೆ ನಿಂದ್ರಿ, ಜೀನಿನ ಮ್ಯಾಲೆ ಕೂಡಬ್ಯಾಡ್ರಿ. ಬಸ್ಸಿನ ಕಡೇ ಸೀಟಿನಾಗ ಕುಂತಂಗ ಕುಂತೀರಲ್ರಿ!"

ನಾನು ಕಾಲಿಡುವ ಕಬ್ಬಿಣದ ಬಳೆಗಳ ಮೇಲೆ ಭಾರ ಹಾಕಿ ನಿಂತೆ.

"ನೆಲ ಯಾಕ ನೋಡ್ತೀರಿ? ಅಲ್ಲೇನಾದ್ರೂ ಕಳಕೊಂಡೀರಾ? ಗಿರಣಿ ಚಿಮಣಿ ನೋಡ್ರಿ. ನಿಮ್ಮ ಕಣ್ಣು ಎಲ್ಲೈತೋ ಕುದ್ರೆ ಅಲ್ಲಿಗೆ ಹೋಗ್ತೈತೆ."

ಕುದುರೆ ಕಿವಿ ಮುಂದಕ್ಕೆ ಮಾಡಿ ವೇಗ ಹೆಚ್ಚಿಸಿತು. ಹೆದರಿ ಲಗಾಮು ಎಳೆದೆ. ಕೋಲು ಮುಂಗಾಲಿಗೆ ತಾಗಿ ಕಟಕಟ ಎಂದು ಉರುಳಿತು.

"ಅದರ ಬಾಯಿ ನಿಮ್ಮ ಮನೀ ಬಾಗಿಲ ಚಿಲಕ ಅಲ್ರೀ! ಹಾರೋ ಮುಂದ ಕೈ ಮುಂದಕ್ಕೆ ಕೊಡ್ರಿ. ಕತ್ತು ಚಾಚಾಕ ಜಾಗ ಬ್ಯಾಡೇನು ಅದಕ್ಕೆ?"

ಗಿರಣಿಯ ಇಬ್ಬರು ಆಳುಗಳು ಬಂದು ಕೋಲನ್ನು ಮತ್ತೆ ಇಟ್ಟರು. ಅವರಿಗೆ ಈ ಕೆಲಸ ಸಾಕಾಗಿತ್ತು. "ಕಟ್ಟಿ ಬಿಡಬಾರದೇನ್ರಿ ಸುಬೇದಾರ್ರೇ?" ಎಂದು ಒಬ್ಬ ಕೇಳಿದ.

"ಬೀಳೋದೇ ಅದರ ಕೆಲಸ ಕಣಪ್ಪಾ. ಕಾಲಿಗೆ ತಾಗ್ಬೇಕು, ಸದ್ದಾಗ್ಬೇಕು, ಚೂರು ನೋವಾಗ್ಬೇಕು. ಮುಂದಿನ ಸಲ ಅದೇ ಕಾಲು ಮಡಚ್ಕೊಂತೈತೆ. ಕೋಲು ಬೀಳಲಿಲ್ಲ ಅಂದ್ರೆ ಕುದ್ರೆ ಬೀಳ್ತೈತೆ."

ಅವರು ಕಲಿಸುತ್ತಿದ್ದ ರೀತಿ ಹೀಗೆ. ಕುದುರೆಗೆ ಹೊಡೆದದ್ದನ್ನು ನಾನು ನೋಡಲಿಲ್ಲ. ನನಗೆ ಮಾತಿನ ಏಟುಗಳು ಸಾಕಷ್ಟು ಬಿದ್ದವು. ಹೊತ್ತೇರುವ ಮುಂಚೆ ಒಂದು ಸಲ, ಚಿಮಣಿಯನ್ನು ನೋಡುತ್ತ, ಕೈ ಮುಂದಕ್ಕೆ ಕೊಟ್ಟು, ನಾನು ಏನೂ ಮಾಡದೆ ಇದ್ದೆ. ಕೆಳಗೆ ಕುದುರೆಯ ಬೆನ್ನು ದುಂಡಗಾದದ್ದು ಗೊತ್ತಾಯಿತು. ಹಿಂದೆ ಕೋಲು ಬಿದ್ದ ಸದ್ದು ಕೇಳಲಿಲ್ಲ. ಸುಬೇದಾರ್ರು ನನ್ನನ್ನು ನೋಡಲೇ ಇಲ್ಲ, ಕುದುರೆಯ ಹಣೆ ತಟ್ಟಿ, "ಶಾಬಾಶ್, ಕಲಿತೆ ನೋಡು" ಎಂದರು. ಶನಿವಾರದ ಹೊತ್ತಿಗೆ ಅದು ಹತ್ತರಲ್ಲಿ ಎಂಟು ಸಲ ಕೋಲು ಮುಟ್ಟದೆ ಹಾರುತ್ತಿತ್ತು. ಕುದುರೆ ಇಲ್ಲೇ ಉಳಿಯುತ್ತದೆ ಎಂದು ನಮಗಿಬ್ಬರಿಗೂ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಹೋದಾಗ ಶಾಮಿಯಾನ ಎದ್ದಿತ್ತು. ಹಿಂದೆ ಹೋಳಿಗೆ ಊಟದ ತಯಾರಿ. ಮೈದಾನದ ನಡುವೆ ನಾನು ಹಿಂದೆ ನೋಡಿರದ ಬೇಲಿಯೊಂದು ನಿಂತಿತ್ತು. ಹರಿಹರದ ವೆಲ್ಡಿಂಗ್ ಶೆಡ್ಡಿನಲ್ಲಿ ರಾತ್ರೋರಾತ್ರಿ ಮಾಡಿಸಿದ್ದು. ಕಂಬಗಳನ್ನು ನೆಲಕ್ಕೆ ಕಾಂಕ್ರೀಟು ಹಾಕಿ ಹೂತಿದ್ದರು. ಅಡ್ಡಕ್ಕೆ ಮರವಲ್ಲ, ಕಬ್ಬಿಣದ ಪೈಪು. ಅದರ ತುದಿಗಳು ಆಳವಾದ ಕೊಂಡಿಯಲ್ಲಿ ಕೂತು, ಮೇಲಿಂದ ಬೋಲ್ಟು ಬಿಗಿದಿತ್ತು. ಹಳದಿ, ಕೆಂಪು ಬಣ್ಣದ ವಾಸನೆ ಇನ್ನೂ ಬರುತ್ತಿತ್ತು. ವೆಲ್ಡಿಂಗ್ ಮಾಡಿದವನೇ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಪೈಪು ಅಲುಗಾಡಿಸಿ ತೋರಿಸುತ್ತಿದ್ದ. ಅಲುಗುತ್ತಿರಲಿಲ್ಲ. ನಮ್ಮ ಕಡೆ ಕಬ್ಬಿಣದ ಕೆಲಸ ಚೆನ್ನಾಗಿದೆ ಎನ್ನುವುದು ಅಲುಗದಿದ್ದರೆ ಮಾತ್ರ.

"ಇನ್ನ ಆ ಕಟಕಟ ಸದ್ದು ಇಲ್ಲ ನೋಡ್ರಿ ಸುಬೇದಾರ್ರೇ" ಎಂದರು ಸಾವ್ಕಾರ್ರು. ಖುಷಿಯಲ್ಲಿದ್ದರು. ಸುಬೇದಾರ್ರಿಗೆ ಉಡುಗೊರೆ ಕೊಟ್ಟವರ ಹಾಗೆ ನಿಂತಿದ್ದರು.

ಸುಬೇದಾರ್ರು ಬಗ್ಗಿ ಬೋಲ್ಟು ನೋಡಿದರು. "ಸ್ಪ್ಯಾನರ್ ತರ್ರಿ. ಇದನ್ನ ಬಿಚ್ಚಬೇಕು."

ಬಿಚ್ಚುವಂತಿರಲಿಲ್ಲ. ಸಾವ್ಕಾರ್ರ ತಾಯಿ ಅದಕ್ಕೆ ಆಗಷ್ಟೇ ಪೂಜೆ ಮಾಡಿದ್ದರು. ಪೈಪಿನ ಮೇಲೆ ವಿಭೂತಿಯ ಮೂರು ಪಟ್ಟೆ, ಕಂಬಗಳಿಗೆ ಸೇವಂತಿಗೆ ಹಾರ, ಬುಡದಲ್ಲಿ ಒಡೆದ ತೆಂಗಿನಕಾಯಿ. ಹೊಸ ಟ್ರ್ಯಾಕ್ಟರಿಗೆ, ಹೊಸ ಯಂತ್ರಕ್ಕೆ ಮಾಡುವ ಹಾಗೆ. "ಪೂಜಿ ಆಗೈತಪ್ಪಾ, ಇವತ್ತೊಂದಿನ ಬಿಚ್ಚಬ್ಯಾಡ್ರಿ. ನಾಳಿ ಏನಾರ ಮಾಡ್ಕೊಳ್ರಿ" ಎಂದರು ಆ ಮುದುಕಿ, ಕೈ ಮುಗಿದೇ. ಸುಬೇದಾರ್ರು ಟೋಪಿ ತೆಗೆದು, ಆ ಪೈಪಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಅವರೂ ಈ ನೆಲದವರೇ.

"ಹಂಗಾರ ಹಳೇ ಕೋಲು ತರ್ಸಿ, ಆ ಕಡೆ ಬ್ಯಾರೆ ಬೇಲಿ ಹಾಕ್ತೀನಿ."

ಹಳೆಯ ಕೋಲುಗಳು ಬೆಳಿಗ್ಗೆಯೇ ಅಡುಗೆಯವರ ಒಲೆಗೆ ಹೋಗಿದ್ದವು. ಹೊಸದು ಬಂದಿದೆಯಲ್ಲ ಎಂದು ಆಳುಗಳು ಕೊಟ್ಟಿದ್ದರು. ಬೇಳೆ ಬೇಯುತ್ತಿತ್ತು.

"ಹಂಗಾರ ಇವತ್ತು ಹಾರ್ಸೋದು ಬ್ಯಾಡ ಸಾವ್ಕಾರ್ರೇ."

ಸಾವ್ಕಾರ್ರ ಮುಖ ಇಳಿಯಿತು. ಶಾಮಿಯಾನದ ಕಡೆ ನೋಡಿದರು. "ಬ್ಯಾಡ ಅಂದ್ರೆ ಬ್ಯಾಡ. ನಾನೇನೂ ಬಲವಂತ ಮಾಡಲ್ಲ. ಅವ ಬಂದಾನೆ, ಹೊಡಕೊಂಡು ಹೋಗ್ಲಿ."

ಬೇವಿನ ಮರದ ಕೆಳಗೆ ಮೆರವಣಿಗೆ ಕುದುರೆಯವನು ನಿಂತಿದ್ದ. ಹೆಗಲ ಮೇಲೆ ಹಗ್ಗ.

ಆ ಪೈಪು ಎತ್ತರವೇನೂ ಇರಲಿಲ್ಲ. ಹಿಂದಿನ ದಿನ ಕುದುರೆ ಅದಕ್ಕಿಂತ ಎತ್ತರದ್ದನ್ನೇ ದಾಟಿತ್ತು. ಸುಬೇದಾರ್ರು ಲೆಕ್ಕ ಹಾಕುತ್ತಿದ್ದದ್ದು ಅದನ್ನೇ ಇರಬೇಕು. ನಾನು ಹೆಲ್ಮೆಟ್ ಹಾಕಿಕೊಂಡು ಲಗಾಮು ಹಿಡಿದು ನಿಂತಿದ್ದೆ. ಅವರು ಬಂದು ಲಗಾಮು ಇಸಿದುಕೊಂಡರು.

"ಇವತ್ತು ನೀವು ಹತ್ತಬ್ಯಾಡ್ರಿ. ನಾನು ಹೋಗ್ತೀನಿ."

"ಇದು ಬೀಳಲ್ಲಲ್ರಿ" ಎಂದೆ.

"ಗೊತ್ತೈತೆ. ತಾಗದಂಗ ಹೋಗ್ಬೇಕು. ಒಂದೇ ಸಲ."

ನಾನು ಶಾಮಿಯಾನದ ಅಂಚಿಗೆ ಹೋಗಿ ನಿಂತೆ. ಅವರು ದೊಡ್ಡದಾಗಿ ಒಂದು ಸುತ್ತು ಹೊಡೆಸಿ, ಕುದುರೆಯ ಓಟವನ್ನು ಒಂದೇ ಲಯಕ್ಕೆ ತಂದು, ನೇರ ಬಂದರು. ಕುದುರೆ ಪೈಪಿನ ಮೇಲೆ ಒಂದು ಮೊಳ ಜಾಗ ಬಿಟ್ಟು ಹಾರಿತು. ನನಗೆ ಕಲಿಸಲು ಹೆಣಗಿದ್ದೆಲ್ಲ ಆ ಒಂದು ನೆಗೆತದಲ್ಲಿ ಕಂಡಿತು: ಎತ್ತಿದ ಮುಖ, ಚಾಚಿದ ಕೈ, ಅಲುಗದ ಕಾಲು. ಜನ ಚಪ್ಪಾಳೆ ತಟ್ಟಿದರು. ಮೆರವಣಿಗೆಯವನು ನಗುತ್ತ, "ಆತು ಬಿಡ್ರಿ, ಇದು ನಮ್ದಲ್ಲ" ಎಂದು ಹಗ್ಗವನ್ನು ಸ್ಕೂಟರಿನ ಕೊಕ್ಕೆಗೆ ಹಾಕಿದ. ಸುಬೇದಾರ್ರು ಕುದುರೆಯ ಕತ್ತು ತಟ್ಟಿ ರಿಕಾಬಿನಿಂದ ಕಾಲು ತೆಗೆದಿದ್ದರು.

ಆಗ ಮುಖ್ಯ ಅತಿಥಿಯ ಕಾರು ಬಂತು. ನಮ್ಮಲ್ಲಿ ಮುಖ್ಯ ಅತಿಥಿಗಳು ತಡವಾಗಿಯೇ ಬರುವುದು, ಅವರು ಬಂದ ಮೇಲೆ ಕಾರ್ಯಕ್ರಮ ಮತ್ತೆ ಮೊದಲಿನಿಂದ ಶುರುವಾಗುವುದು.

"ಸುಬೇದಾರ್ರೇ, ಇನ್ನೊಂದ್ ಸಲ."

"ದಾಟಿತಲ್ರಿ ಸಾವ್ಕಾರ್ರೇ. ಎಲ್ರೂ ನೋಡಿದ್ರು."

"ಇವ್ರು ನೋಡ್ಲಿಲ್ಲಲ್ರಿ. ಕರ್ಸಿ ಕೂಡ್ಸಿ ತೋರ್ಸಲಿಲ್ಲ ಅಂದ್ರೆ ಹೆಂಗೆ? ಒಂದ್ಸಲ, ಅಷ್ಟೇ."

ಸುಬೇದಾರ್ರು ಬೇವಿನ ಮರದ ಕಡೆ ನೋಡಿದರು. ಮೆರವಣಿಗೆಯವನು ಸ್ಕೂಟರ್ ಹತ್ತಿದ್ದವನು ಇಳಿದು ನೋಡಲು ನಿಂತಿದ್ದ. ಅವರು ಕಾಲನ್ನು ಮತ್ತೆ ರಿಕಾಬಿಗೆ ಹಾಕಿದರು.

ನಾನು ನೋಡಿದ್ದು ಇಷ್ಟು. ಎರಡನೇ ಸಲ ಕುದುರೆ ತಿರುವಿನಿಂದಲೇ ವೇಗ ಹೆಚ್ಚಿಸಿತು. ಅವರು ಹಿಂದಕ್ಕೆ ಕೂತು ತಡೆದರು. ತಡೆದ ಮೇಲೂ ಅದು ಪೈಪಿಗೆ ತೀರ ಹತ್ತಿರ ಹೋಯಿತು. ಎಡ ಮುಂಗಾಲು ಪೂರ್ತಿ ಮಡಚಲಿಲ್ಲ. ನೀಲಗಿರಿ ಕೋಲಾಗಿದ್ದರೆ ಕಟಕಟ ಎನ್ನುತ್ತಿತ್ತು. ಇಲ್ಲಿ ಕೇಳಿದ್ದು ಒಂದೇ ಸದ್ದು, ಮಂದವಾದದ್ದು. ಕುದುರೆ ಪೈಪಿನ ಮೇಲೆ ತಲೆಕೆಳಗಾಗಿ ತಿರುಗಿ ಆ ಕಡೆ ಬಿತ್ತು. ಸುಬೇದಾರ್ರು ಅದಕ್ಕಿಂತ ಮುಂದೆ ಹೋಗಿ ಬಿದ್ದಿದ್ದರು. ಹೊಟ್ಟಿನ ಧೂಳು ಎದ್ದು ಇಳಿಯಿತು.

ಕುದುರೆ ಎದ್ದಿತು. ಮೂರು ಕಾಲಿನ ಮೇಲೆ. ನಾಲ್ಕನೆಯದು ಮೊಣಕಾಲಿನ ಕೆಳಗೆ ಬೇರೆ ಕಡೆಗೆ ತೂಗುತ್ತಿತ್ತು. ಅದು ಆ ಕಾಲನ್ನು ಊರಲು ನೋಡಿತು, ಆಗದೆ ಮತ್ತೆ ನೋಡಿತು. ಸುಬೇದಾರ್ರು ಒಂದು ಕೈಯನ್ನು ಎದೆಗೆ ಒತ್ತಿ ಹಿಡಿದು, ಮಂಡಿಯೂರಿ, ಆಮೇಲೆ ಎದ್ದು, ಅದರ ತಲೆಯ ಹತ್ತಿರ ಹೋದರು. ಲಗಾಮು ಹಿಡಿಯಲಿಲ್ಲ, ಮುಖಕ್ಕೆ ಮುಖ ಒತ್ತಿ ನಿಂತರು.

ದಾವಣಗೆರೆಯಿಂದ ಪಶುವೈದ್ಯರು ಬರುವ ತನಕ ಹಾಗೇ ನಿಂತಿದ್ದರು. ನಾವು ಯಾರು ಹೇಳಿದರೂ ಕೂರಲಿಲ್ಲ. ಅತಿಥಿಗಳನ್ನು ಊಟಕ್ಕೆ ಎಬ್ಬಿಸಿದರು. ಮಕ್ಕಳು ನೋಡಬಾರದೆಂದು ಶಾಮಿಯಾನದ ಈ ಬದಿಯ ಪರದೆ ಇಳಿಸಿದರು. ಪರದೆಯ ಆಚೆ ತಟ್ಟೆಗಳ ಸದ್ದು ಶುರುವಾಯಿತು. ಸಾವ್ಕಾರ್ರು ಎರಡೂ ಕಡೆ ಓಡಾಡಿದರು. ಅವರ ತಾಯಿ ಹೊರಗೇ ಕೂತು, "ಪೂಜಿ ಮಾಡಿದ್ವಲ್ಲಪ್ಪಾ, ಪೂಜಿ ಮಾಡಿದ್ವಲ್ಲ" ಎಂದು ಒಂದೇ ಮಾತನ್ನು ಹೇಳುತ್ತಿದ್ದರು. ಪೈಪು ಕೊಂಡಿಯಲ್ಲಿತ್ತು. ಬಾಗಿರಲೂ ಇಲ್ಲ. ವೆಲ್ಡಿಂಗ್ ಮಾಡಿದವನು ಅದನ್ನು ಮುಟ್ಟಿ ನೋಡಿ ಕೈ ತೆಗೆದು, ಹೇಳದೆ ಹೊರಟುಹೋದ.

ಅಂಥ ಮುರಿತ ಕುದುರೆಗೆ ಕೂಡುವುದಿಲ್ಲ; ವೈದ್ಯರು ಕಾಲನ್ನು ಹೆಚ್ಚು ಹೊತ್ತು ನೋಡಲಿಲ್ಲ. ಸುಬೇದಾರ್ರ ಮುಖ ನೋಡಿದರು. ಸುಬೇದಾರ್ರು ಆಗಲಿ ಎಂಬಂತೆ ತಲೆ ಆಡಿಸಿದರು. ಮೆರವಣಿಗೆಯವನು ತನ್ನ ಟವೆಲನ್ನು ಕುದುರೆಯ ಕಣ್ಣಿಗೆ ಕಟ್ಟಿದ. ಜೀವ ತೆಗೆಯುವ ಸೂಜಿ ಹಾಕಿದ ಮೇಲೆ ಅದು ಮೊದಲು ಹಿಂಗಾಲಿನಲ್ಲಿ ಕುಸಿಯಿತು. ಮೆರವಣಿಗೆಯವನು ಟವೆಲು ವಾಪಸು ತೆಗೆದುಕೊಳ್ಳಲಿಲ್ಲ. "ಬೆಳಿಗ್ಗೇನೇ ಹೊಡಕೊಂಡು ಹೋಗಿದ್ರೆ ಆಗ್ತಿತ್ತಲ್ರಿ" ಎಂದ, ಯಾರನ್ನೂ ನೋಡದೆ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ.

ಸುಬೇದಾರ್ರನ್ನು ನನ್ನ ಕಾರಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆಗಲಿನ ಕಾಲರ್ ಮೂಳೆ ಮುರಿದಿದೆ ಎಂದು ಆಮೇಲೆ ಗೊತ್ತಾಯಿತು, ಎರಡು ಪಕ್ಕೆಲುಬು ಕೂಡ. ದಾರಿಯಲ್ಲಿ ಅವರು ನರಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಊರು ಹತ್ತಿರವಾದಾಗ ಮಾತಾಡಿದರು.

"ಅವ್ನಿಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಹರಿಹರದಾಗ ಯಾವ್ದೋ ಮದುವಿ ಮನಿ ಮುಂದ ನಿಂತಿರ್ತಿತ್ತು."

"ಹೆದರ್ಕೊಂಡು ನಿಂತಿರ್ತಿತ್ತು, ನೀವೇ ಹೇಳಿದ್ರಲ್ರಿ" ಎಂದೆ. ಸಮಾಧಾನಕ್ಕೆ ಹೇಳಿದ ಮಾತು.

"ಹೌದು ಮೇಡಮ್ರೇ" ಎಂದರು. "ಹೆದರ್ಕೊಂಡು. ಆದ್ರೆ ನಿಂತಿರ್ತಿತ್ತು."