ಮಾವನ ಹೆಸರಿನ ಕರೆಂಟ್ ಬಿಲ್ಲು

ಬೆಳಗಿನ ಜಾವ ನಾಲ್ಕು ಗಂಟೆ. ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ದೀಪವಿರುವುದು ಒಂದೇ ಕಿಟಕಿಯಲ್ಲಿ. ಹೆಗಲಿಗೆ ಶಾಲು, ಕಿವಿಗೆ ಫೋನು. ವಿಜಯಶ್ರೀ ಗುಳೇದಗುಡ್ಡದ ಕರೆಂಟ್ ಆಫೀಸಿನ ಗುಮಾಸ್ತ ಶರಣಪ್ಪನವರನ್ನು ಮಾತಾಡಿಸುತ್ತಿದ್ದಾರೆ. ಅಲ್ಲಿ ಸಂಜೆ ನಾಲ್ಕೂವರೆ, ಇನ್ನೊಂದು ಗಂಟೆ ಕಳೆದರೆ ಆಫೀಸಿಗೆ ಬೀಗ. ಇದು ಹತ್ತೊಂಬತ್ತನೆಯ ಫೋನು.

ಗದಗಿನ ವಿಜಯಶ್ರೀಗೆ ಈಗ ಐವತ್ತಾರು. ಕ್ಯಾಂಪ್‌ಬೆಲ್‌ನ ತೆರಿಗೆ ಆಫೀಸೊಂದರಲ್ಲಿ ಹನ್ನೆರಡು ವರ್ಷ ದುಡಿದು ಸ್ವಂತ ಕೆಲಸ ಶುರುಮಾಡಿದವರು. ಹೊರದೇಶದಲ್ಲಿದ್ದುಕೊಂಡೇ ಅಮೆರಿಕದಲ್ಲಿ ಕಂಪನಿ ತೆರೆದ ಅರವತ್ತೊಂದು ಮಂದಿಯ ಬ್ಯಾಂಕು, ತೆರಿಗೆ, ನೋಂದಣಿ ಎಲ್ಲವೂ ಇವರ ಊಟದ ಮೇಜಿನ ಮೇಲಿಂದಲೇ ನಡೆಯುತ್ತದೆ. ಕಂಪನಿ ತೆರೆಯುವುದು ಅರ್ಧ ಗಂಟೆಯ ಕೆಲಸ, ಉಳಿಸಿಕೊಳ್ಳುವುದು ವರ್ಷವಿಡೀ ತಲೆನೋವು. ವ್ಯಾಪಾರವೇ ಆಗಲಿಲ್ಲ, ತೆರಿಗೆ ಇಲಾಖೆಗೆ ಫಾರಂ ಯಾಕೆ ಎಂದು ಸುಮ್ಮನಿದ್ದವರಿಗೂ ಇಪ್ಪತ್ತೈದು ಸಾವಿರ ಡಾಲರ್ ದಂಡ ಬೀಳಬಹುದು. ಆ ಫಾರಂ ಕಳಿಸಲೆಂದೇ ವಿಜಯಶ್ರೀ ಒಂದು ಹಳೇ ಫ್ಯಾಕ್ಸ್ ಯಂತ್ರವನ್ನು ಮುದ್ದಿನಿಂದ ಸಾಕಿಕೊಂಡಿದ್ದಾರೆ.

ಈ ಬಾರಿಯ ಸಂಕಟ ಕಮಲವ್ವನದು. ಗುಳೇದಗುಡ್ಡದ ಈ ಅರವತ್ತರ ಹೆಂಗಸು ಖಣದ ಬಟ್ಟೆಯ ಕೈಚೀಲ ಹೊಲಿಸಿ ತನ್ನ ಅಮೆರಿಕನ್ ಕಂಪನಿಯ ಹೆಸರಲ್ಲಿ ಮಾರುತ್ತಾರೆ. ಮಾಲೀಕರ ಮನೆ ವಿಳಾಸಕ್ಕೆ ಪುರಾವೆಯಾಗಿ ಹೊಸ ಕರೆಂಟ್ ಬಿಲ್ಲು ಬೇಕು, ಮೂವತ್ತು ದಿನದೊಳಗೆ ಕೊಡದಿದ್ದರೆ ಖಾತೆ ಬಂದ್ ಎಂದಿತು ಬ್ಯಾಂಕು. ಕಮಲವ್ವ ಕಳಿಸಿದ ಬಿಲ್ಲಿನಲ್ಲಿದ್ದದ್ದು ಅವರ ಮಾವ ಅಡಿವೆಪ್ಪನ ಹೆಸರು. ಹಾಗಾದರೆ ಆ ಮಹನೀಯರಿಂದಲೇ ಒಂದು ಸಹಿ ಮಾಡಿಸಿ ಎಂದು ಬ್ಯಾಂಕಿನವರು ವಿನಯದಿಂದ ಕೇಳಿದರು. ಅಡಿವೆಪ್ಪ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು!

“ನಮ್ಮ ಕಡೆ ಮನಿ ಉತಾರದಾಗ ಮಾಲಕರ ಹೆಸರು ಬದಲಾಗ್ತದ, ಮೀಟರಿನ ಹೆಸರು ಯಾರೂ ಮುಟ್ಟಂಗಿಲ್ರಿ,” ಎಂದು ವಿಜಯಶ್ರೀ ನಗುತ್ತಾರೆ. “ಲೈಟ್ ಹತ್ತತಾವಲ್ಲ, ಮತ್ತ್ಯಾಕ ಅಂತಾರ. ಇದನ್ನ ಇಲ್ಲಿ ಬ್ಯಾಂಕಿನವ್ರಿಗೆ ಹ್ಯಾಂಗ ತಿಳಿಸ್ಲಿ?”

ತಿಳಿಸುವ ಗೋಜಿಗೇ ಅವರು ಹೋಗಲಿಲ್ಲ. ಖಾತೆ ನಿಂತರೆ ಹೊಲಿಗೆಯ ಹನ್ನೊಂದು ಹೆಂಗಸರ ಕೈ ಖಾಲಿ. ಹಾಗಾಗಿ ಮೀಟರಿನ ಹೆಸರನ್ನೇ ಬದಲಾಯಿಸಲು ಟೊಂಕ ಕಟ್ಟಿ ನಿಂತರು. ಉತಾರ, ಮರಣಪತ್ರ, ಅರ್ಜಿ ಒಂದೊಂದನ್ನೂ ಫೋನಿನಲ್ಲೇ ಹೇಳಿ ಜೋಡಿಸಿದರು. ಶರಣಪ್ಪ ಮೊದಮೊದಲು ನಾಳೆ ನೋಡೋಣ ಅನ್ನುತ್ತಿದ್ದರು. ನಿಮ್ಮಲ್ಲಿ ಈಗ ಎಷ್ಟು ಗಂಟೆ ಎಂದು ಒಮ್ಮೆ ಕುತೂಹಲಕ್ಕೆ ಕೇಳಿದ ಮೇಲೆ ನಾಳೆಯ ಮಾತು ನಿಂತಿತು. ಹತ್ತೊಂಬತ್ತನೆಯ ಫೋನಿಗೆ ಅವರೇ ಫೈಲು ಹಿಡಿದು ಸಾಹೇಬರ ಮುಂದೆ ಹೋಗಿ ನಿಂತರು.

ಇಪ್ಪತ್ತೆಂಟನೆಯ ದಿನ ಹೊಸ ಬಿಲ್ಲಿನ ಫೋಟೋ ಬಂತು. ಮರುದಿನವೇ ಬ್ಯಾಂಕು ಒಪ್ಪಿತು, ಖಾತೆ ಉಳಿಯಿತು. ಗೆದ್ದೆವು ಎಂದು ಹೇಳಲು ವಿಜಯಶ್ರೀ ಫೋನು ಹಚ್ಚಿದರೆ ಕಮಲವ್ವ ಬ್ಯಾಂಕಿನ ಸುದ್ದಿಯನ್ನೇ ಎತ್ತಲಿಲ್ಲ.

“ತಂಗಿ, ನಲವತ್ತ ವರ್ಷಾತು ಈ ಮನಿಗೆ ಬಂದು. ನನ್ನ ಹೆಸರಿಲೆ ಒಂದು ಕಾಗದ ಬಾಗಲಿಗೆ ಬಂದಿದ್ದು ಇದ ಮೊದಲು.”

ಆ ಬಿಲ್ಲಿನ ಒಂದು ಪ್ರತಿ ಈಗ ಫ್ಯಾಕ್ಸ್ ಯಂತ್ರದ ಮೇಲಿನ ಗೋಡೆಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ವಿಜಯಶ್ರೀಯ ಮುಖ ಅರಳುತ್ತದೆ. ನಿಮಗೇನು ಆಸೆ ಎಂದು ಕೇಳಿದರೆ ಕೊಂಚ ನಾಚುತ್ತಾರೆ.

“ಗದಗಿನ್ಯಾಗ ನಮ್ಮನಿ ಮೀಟರೂ ಇನ್ನೂ ಅಜ್ಜನ ಹೆಸರಿಗೇ ಐತ್ರಿ. ತಿಂಗಳಾ ಬಿಲ್ ಕಟ್ಟಾಕಿ ಅಣ್ಣನ ಹೇಣ್ತಿ, ನಮ್ಮ ವೈನಿ. ಈ ಸಲ ಹೋದಾಗ ಆಕಿ ಹೆಸರಿಗೆ ಮಾಡಿಸೇ ಬರಾಕಿ.”