ತೆಳು ಅಂಗಿಯ ಬೇಟೆಗಾರ

ಅವತ್ತು ಮಂಗಳವಾರ. ಮಧ್ಯಾಹ್ನ ಮುದ್ದೆ ಉಂಡು ಮುನಿರಾಜು ಅಂಗಡಿಯ ಟೀವಿ ಮುಂದೆ ಕೂತಿದ್ದ. ಹೆಂಡತಿ ನರಸಮ್ಮ ಬಾಗಿಲಲ್ಲಿ ಕಾಲು ಚಾಚಿಕೊಂಡು ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಳು. ಚಾಮರಾಜಪೇಟೆಯ ಆ ಅಂಗಡಿಯಲ್ಲಿ ಮೂರು ಟೀವಿ, ಮೂರು ವಿಡಿಯೋ ಗೇಮಿನ ಮಿಷನ್ನು. ಸಾಯಂಕಾಲ ಗಿರಾಕಿಗಳು ಬರುವವರೆಗೆ ಒಂದು ಮಿಷನ್ನು ಮುನಿರಾಜುವಿನದೇ.

ಟೀವಿಯೊಳಗೆ ಗುಡ್ಡದಷ್ಟು ದೊಡ್ಡ ಮೃಗವೊಂದು ಬಾಲ ಬೀಸುತ್ತಿತ್ತು. ಅದಕ್ಕಿದ್ದದ್ದು ಒಂದೇ ಕಣ್ಣು. ಮುನಿರಾಜು ಅದಕ್ಕೆ ಒಕ್ಕಣ್ಣ ಅಂತ ಹೆಸರಿಟ್ಟಿದ್ದ. ಎದುರಿಗೆ ಅವನ ಬೇಟೆಗಾರ ಉದ್ದ ಕತ್ತಿ ಹಿಡಿದು, ತೆಳು ಅಂಗಿ ಹಾಕಿಕೊಂಡು ನಿಂತಿದ್ದ.

“ಓಡಯ್ಯಾ, ಬಾಲ ಬಂತು!” ಅಂದಳು ನರಸಮ್ಮ.

“ಓಡಲ್ಲ.”

ಬಾಲ ಬಡಿಯಿತು. ಬೇಟೆಗಾರ ಲಾಗ ಹೊಡೆದು ಬಿದ್ದ. ಟೀವಿ ಕಪ್ಪಾಯಿತು.

“ಪೆಟ್ಟಿಗೆ ತುಂಬಾ ಕಬ್ಬಿಣದ ಅಂಗಿ ಇಟ್ಕೊಂಡು ಬನಿಯನ್ನಲ್ಲಿ ಹೋಗ್ತಾನೆ ಜಗಳಕ್ಕೆ. ಒಂದು ಹಾಕ್ಕೊಂಡ್ರೆ ನಿಂಗೇನು ಗಂಟು ಹೋಗುತ್ತೆ?”

“ಬನಿಯನ್ ಅಲ್ಲ ಕಣೇ ಅದು. ಏಟು ತಿಂದಷ್ಟೂ ಕೈ ಜೋರಾಗೋ ಅಂಗಿ. ಕಬ್ಬಿಣ ಹಾಕಿದ್ರೆ ಆ ಗುಣ ಹೊರಟೋಗುತ್ತೆ. ಏಟು ಬರೋವರೆಗೂ ನಿಲ್ಲಬೇಕು. ಬಂದಿದ್ದನ್ನ ಕತ್ತಿ ಮೇಲೆ ತಗೊಂಡು ಅದೇ ಉಸಿರಲ್ಲಿ ವಾಪಸ್ ಕೊಡಬೇಕು. ನೀನು ಕೊತ್ತಂಬರಿ ಕಟ್ಟು.”

“ಕಟ್ತೀನಿ. ನಿನ್ನ ಒಕ್ಕಣ್ಣನಿಗೆ ಮೊಮ್ಮಕ್ಕಳಾಗ್ತವೆ ಅಷ್ಟರಲ್ಲಿ.”

ಮುನಿರಾಜು ನಕ್ಕ. ಮತ್ತೆ ಶುರು ಮಾಡಿದ.

ಮಾರನೇ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಅಣ್ಣ ಮಾಯಣ್ಣನ ಎಲೆಕೋಸಿನ ಮೂಟೆ ಇಳಿಸಿ, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕೂತ. ಕೂತವನು ಏಳಲಿಲ್ಲ.

ಏಟಿಗೆ ಓಡದ ಮನುಷ್ಯ, ಮೊದಲಿಂದಲೂ ಹಾಗೇ. ತ್ಯಾಗರಾಜನಗರದಲ್ಲಿ ಹುಟ್ಟಿದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ತರಕಾರಿ ಗಾಡಿ ತಳ್ಳಿದ. ಮದುವೆಯಾದ ಹೊಸತರಲ್ಲಿ ಅವನು ಕೆಲಸಕ್ಕಿದ್ದ ಮಂಡಿಯವನೊಬ್ಬ ಎಲ್ಲರೆದುರು ಅವನ ಕೆನ್ನೆಗೆ ಹೊಡೆದಿದ್ದ. ಮುನಿರಾಜು ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ತಿಂದು, ಅಲ್ಲೇ ತಿರುಗಿಸಿ ಕೊಟ್ಟ. ಮಂಡಿಯವನ ಹಲ್ಲು ಹೋಯಿತು, ಇವನ ಕೆಲಸ ಹೋಯಿತು. ಆಮೇಲೆ ಈ ಅಂಗಡಿಯಲ್ಲಿ ಬಾಡಿಗೆ ಸೈಕಲ್ ಇಟ್ಟ. ಎಲ್ಲರ ಮನೆಯಲ್ಲೂ ಬೈಕು ಬಂದು ಸೈಕಲ್ ಕೇಳುವವರಿಲ್ಲದಾಗ ಸೈಕಲ್‌ಗಳನ್ನು ಮಾರಿ ಟೀವಿ ತಂದ. ಒಕ್ಕಣ್ಣನ ಡಿಸ್ಕು ಮೆಜೆಸ್ಟಿಕ್ ಕಡೆಯಿಂದ ತಂದದ್ದು. ಅಕ್ಷರವೆಲ್ಲ ಜಪಾನಿನದು. ಓದಿದವರಿಗೂ ಅಷ್ಟೇ, ಓದದವರಿಗೂ ಅಷ್ಟೇ. ಚಿತ್ರ ನೋಡಿ, ಒತ್ತಿ ನೋಡಿ, ಸತ್ತು ಸತ್ತು ಕಲಿತ. ಕತ್ತಿ, ಅಂಗಿ, ಟೋಪಿ, ಕೊರಳಿಗೊಂದು ತಾಯತ, ಎಲ್ಲ ಸೇರಿಸಲು ಒಂದು ವರ್ಷ ತಗೊಂಡ. ಅಷ್ಟೂ ಒಂದು ಚಿಕ್ಕ ಮೆಮೊರಿ ಕಾರ್ಡಿನಲ್ಲಿ ಇರುತ್ತಿತ್ತು. ಬೇರೆ ಯಾರೂ ಕೈ ಹಾಕಬಾರದೆಂದು ಅದನ್ನು ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಆ ಕಾರ್ಡನ್ನು ಕೊಂದದ್ದು ಸೂತಕ.

ಹನ್ನೊಂದನೇ ದಿನ ಮನೆಯೆಲ್ಲ ತೊಳೆದರು. ಸತ್ತವನ ಮೈಮೇಲಿದ್ದ ಸಾಮಾನೂ ಶುದ್ಧವಾಗಬೇಕಲ್ಲ. ಓರಗಿತ್ತಿ ಸುಂದರಮ್ಮ ಬೇಸಿನ್ನಿಗೆ ಗಂಜಲ, ಅರಿಶಿನದ ನೀರು ಹಾಕಿ, ಮುನಿರಾಜುವಿನ ಉಂಗುರ, ವಾಚು, ಬೀಗದ ಕೈ, ಕಾರ್ಡು ಎಲ್ಲ ಅದರಲ್ಲಿ ಮುಳುಗಿಸಿದಳು. ಸಂಜೆವರೆಗೆ ನೆನೆಯಿತು. ವಾಚು ನಿಲ್ಲಲಿಲ್ಲ. ಕಾರ್ಡನ್ನು ಮಿಷನ್ನಿಗೆ ಹಾಕಿದರೆ ಏನೂ ಬರಲಿಲ್ಲ.

ಅಂಗಡಿಯ ಹಳೇ ಗಿರಾಕಿ, ಆಟೋ ಓಡಿಸುವ ಗೋಕುಲ್ ಬಂದು ಒರೆಸಿದ, ಊದಿದ, ಬಿಸಿಲಿಗಿಟ್ಟ.

“ಸತ್ತೋಗಿದೆ ಅಕ್ಕ,” ಅಂದವನು ನಾಲಿಗೆ ಕಚ್ಚಿಕೊಂಡ.

“ಅಯ್ಯೋ, ನಾನೇನು ಕಂಡೆ? ಅದೇನೋ ಬೀಗದ ಕೈಯ ಬಿಲ್ಲೆ ಅಂದ್ಕೊಂಡೆ ಕಣೇ,” ಅಂದಳು ಸುಂದರಮ್ಮ.

ಏನು ಬೈಯುವುದು? ಮಾಡಿದ್ದು ಶಾಸ್ತ್ರ. ನರಸಮ್ಮನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿ ಬಂತು. ಗಂಡ ಹೋದ, ಸರಿ. ಅವನು ಒಂದು ವರ್ಷ ಕೂತು ಕಟ್ಟಿದ್ದೂ ಹೋಗಬೇಕೆ?

ಭಾವ ಮಾಯಣ್ಣ ಅದೇ ವಾರ ಮಾತು ತೆಗೆದ. ಅಂಗಡಿ ಅವನ ಹೆಸರಲ್ಲಿತ್ತು.

“ದೀಪಾವಳಿ ಆದ್ಮೇಲೆ ಟೊಮೇಟೊ ಕ್ರೇಟು ಹಾಕ್ಕೋತೀನಮ್ಮ ಅಲ್ಲಿ. ಟೀವಿ ಕೊಟ್ಬಿಡೋಣ. ನಿನ್ನ ಊಟಕ್ಕೆ ನಾನಿದೀನಿ.”

“ಅಲ್ಲೀವರೆಗೂ ಕೇಳಬೇಡಿ ಭಾವ. ಒಂದು ಕೆಲಸ ಬಾಕಿ ಇದೆ.”

“ಏನು ಕೆಲಸ?”

“ಒಕ್ಕಣ್ಣನ್ನ ಹೊಡೀಬೇಕು.”

ಮಾಯಣ್ಣ ತಮ್ಮನ ಹೆಂಡತಿಯ ಮುಖ ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡು ಎದ್ದು ಹೋದ.

ನರಸಮ್ಮ ಹೊಸ ಕಾರ್ಡು ತರಿಸಿ ಮೊದಲಿಂದ ಶುರು ಮಾಡಿದಳು. ಬಾಗಿಲಲ್ಲಿ ಸೊಪ್ಪು ಕಟ್ಟುತ್ತಾ ಒಂದು ವರ್ಷ ನೋಡಿದ್ದಳು. ಗಂಡನ ಕೆಂಪು ಕುಚ್ಚಿನ ಕತ್ತಿ ಮಾಡಲು ಆಟದೊಳಗಿನ ಹದ್ದಿನ ಕೊಕ್ಕು ಬೇಕು. ತೆಳು ಅಂಗಿಗೆ ನೀರುಡದ ತೊಗಲು ಬೇಕು. ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಹದ್ದನ್ನು ಕೊಂದರೆ ಕೊಕ್ಕು ಸಿಗದು, ಬರೀ ಪುಕ್ಕ. ಮತ್ತೆ ಕೊಲ್ಲು, ಮತ್ತೆ ಪುಕ್ಕ. ಕೊಕ್ಕು ಸಿಕ್ಕ ದಿನವೇ ಕರೆಂಟು ಹೋಯಿತು. ಕಾರ್ಡಿಗೆ ಇನ್ನೂ ಇಳಿಸಿರಲಿಲ್ಲ. ನರಸಮ್ಮ ಆಟದ ರಿಮೋಟನ್ನು ಗೋಡೆಗೆಸೆದಳು. ಆಮೇಲೆ ತಾನೇ ಹೋಗಿ ಎತ್ತಿಕೊಂಡು ಬಂದಳು.

ಬೀದಿಯವರು ಬಿಡುತ್ತಾರೆಯೇ? ಎದುರು ಮನೆ ಕಲ್ಯಾಣಮ್ಮ ಕೇಳಿಸುವ ಹಾಗೇ ಅಂದಳು: “ಗಂಡ ಹೋಗಿ ತಿಂಗಳಾಗಿಲ್ಲ, ಹುಡುಗರ ಥರ ಆಟ ಆಡ್ತಾ ಕೂತವ್ಳೆ.”

“ಬಾ, ನೀನೂ ಒಂದು ಕೈ ಆಡು. ನೋವು ಎಷ್ಟಿದೆ ಅಂತ ಗೊತ್ತಾಗುತ್ತೆ,” ಅಂದಳು ನರಸಮ್ಮ, ಟೀವಿಯಿಂದ ಕಣ್ಣು ತೆಗೆಯದೆ.

ದಸರಾ ಕಳೆಯುವಷ್ಟರಲ್ಲಿ ಎಲ್ಲ ಕೂಡಿತು. ಅದೇ ಕತ್ತಿ, ಅದೇ ತೆಳು ಅಂಗಿ, ಅದೇ ತಾಯತ. ಗಂಡ ನಿಂತ ಜಾಗದಲ್ಲೇ ಬೇಟೆಗಾರನನ್ನು ನಿಲ್ಲಿಸಿದಳು. ಅವನ ಆಟ ಅವನ ಹಾಗೇ ಮುಗಿಸಬೇಕು. ಬಾಲ ಬಂತು. ಓಡಲಿಲ್ಲ. ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟು ತಡ. ಬಿದ್ದ.

ಮತ್ತೆ ಹೋದಳು. ಬಿದ್ದ. ಹೊತ್ತಿಗೆ ಸರಿಯಾಗಿ ಒತ್ತಿದಾಗ ಕತ್ತಿ ಮಿಂಚಿನ ಹಾಗೆ ತಿರುಗಿ ಒಕ್ಕಣ್ಣನ ಮೂತಿ ಸೀಳುತ್ತಿತ್ತು. ಆಗ ಮುನಿರಾಜು ಯಾಕೆ ಹುಚ್ಚನಾದ ಅಂತ ಅವಳಿಗೂ ಗೊತ್ತಾಗುತ್ತಿತ್ತು. ಆದರೆ ಒಂದು ಸಲ ತಪ್ಪಿದರೆ ಮುಗಿಯಿತು. ಆ ಅಂಗಿ ಒಂದು ಏಟನ್ನೂ ತಡೆಯುತ್ತಿರಲಿಲ್ಲ. ಒಕ್ಕಣ್ಣ ಕುಂಟುವವರೆಗೆ ಬರುವುದು, ಅಲ್ಲಿಗೆ ಸಾಯುವುದು. ಗಂಡನೂ ಅಲ್ಲೇ ಸಾಯುತ್ತಿದ್ದ. ದಿನಾ ಅದೇ ಆಯಿತು. ಹೆಬ್ಬೆರಳು ಊದಿಕೊಂಡು ಸೊಪ್ಪಿನ ದಾರ ಕಟ್ಟಲಾಗುತ್ತಿರಲಿಲ್ಲ. ನರಕ ಚತುರ್ದಶಿಗೆ ಎಣ್ಣೆ ನೀರು ಹಾಕಿಕೊಳ್ಳಲಿಲ್ಲ.

ಹಬ್ಬದ ಮಾರನೇ ದಿನ ಮಧ್ಯಾಹ್ನ ಮಾಯಣ್ಣ ಬಂದ. ಹೊರಗೆ ಟೆಂಪೋದಲ್ಲಿ ಕ್ರೇಟು. ಒಳಗೆ ಗೋಕುಲ್ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಬೇಟೆಗಾರ ಆಗಷ್ಟೇ ಬಿದ್ದಿದ್ದ.

“ಆಯ್ತೇನಮ್ಮ ಕೆಲಸ?”

“ಇಲ್ಲ. ಕೂತ್ಕೊಳ್ಳಿ ಭಾವ.”

ಅವಳು ಆಟದೊಳಗಿನ ಪೆಟ್ಟಿಗೆ ತೆಗೆದಳು. ತೆಳು ಅಂಗಿ ಬಿಚ್ಚಿದಳು. ಇಷ್ಟು ದಿನ ಮುಟ್ಟದೆ ಇಟ್ಟಿದ್ದ ಕಬ್ಬಿಣದ ಅಂಗಿ ತೊಡಿಸಿದಳು.

ಗೋಕುಲ್ ಎದ್ದು ನಿಂತ. “ಅಕ್ಕ, ಏಟಿನ ಜೋರು ಅರ್ಧ ಹೋಗುತ್ತೆ. ಅಣ್ಣ ಇದ್ದಿದ್ರೆ ಒಪ್ತಾನೇ ಇರ್ಲಿಲ್ಲ.”

“ಒಪ್ಪದೆ ಇದ್ರೆ ಬಂದು ಜಗಳ ಆಡ್ಲಿ.”

ಗೋಕುಲ್ ಸ್ಟೂಲನ್ನು ಮಾಯಣ್ಣನ ಕಡೆ ತಳ್ಳಿದ.

ಬಾಲ ಬಂತು. ನಿಂತಳು, ತಗೊಂಡಳು, ತಿರುಗಿಸಿ ಕೊಟ್ಟಳು. ಸಣ್ಣ ಗಾಯ. ಮುಂದಿನದು ತಪ್ಪಿತು. ಬಿದ್ದ, ಎದ್ದ. ಮತ್ತೆ ನಿಂತಳು. ಕೊಡುವುದು ಕಡಿಮೆ, ಆದರೆ ಬಿದ್ದಷ್ಟು ಸಲವೂ ಏಳುತ್ತಿದ್ದ. ಮಾಯಣ್ಣನಿಗೆ ಆಟ ತಿಳಿಯದು, ಆದರೂ ಸ್ಟೂಲಿನ ಅಂಚಿಗೆ ಬಂದಿದ್ದ. “ಕೊಡು, ಕೊಡಮ್ಮ ಅದಕ್ಕೆ!” ಟೆಂಪೋದವನು ಹಾರ್ನ್ ಹೊಡೆದು ಹೊಡೆದು ಸುಮ್ಮನಾದ. ಒಕ್ಕಣ್ಣ ಕುಂಟಿತು. ಓಡಿತು. ನರಸಮ್ಮ ಅಟ್ಟಿಸಿಕೊಂಡು ಹೋದಳು. ಅದು ತಿರುಗಿ ಬಾಯಿ ತೆರೆದಾಗ ಕಾದು ನಿಂತು ಕೊಟ್ಟಳು.

ಮೃಗ ಮಗ್ಗುಲಾಗಿ ಬಿತ್ತು.

“ನೋಡ್ದಾ? ನಾನು ಬಡ್ಕೊಂಡಿದ್ದು ಇದನ್ನೇ,” ಅಂತ ನರಸಮ್ಮ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಮಾಯಣ್ಣ ಕೂತಿದ್ದ. ಅವನು ಮುಖ ಆಚೆ ಮಾಡಿದ.

ಟೀವಿಯಲ್ಲಿ ಜಪಾನಿನ ಅಕ್ಷರಗಳು ಮೇಲಕ್ಕೆ ಹೋಗುತ್ತಿದ್ದವು. ಯಾವ ಸಂತೋಷವೂ ಇಲ್ಲ. ವರ್ಷವೆಲ್ಲ ಹೇಳಿದ ಮಾತು ನಿಜವಾಯಿತು, ಒಪ್ಪಿಕೊಳ್ಳಬೇಕಾದವನು ಇಲ್ಲ. “ಅದು ಆಟವಲ್ಲ ಕಣೇ, ಮೋಸ” ಅಂತ ಅವನಿದ್ದಿದ್ದರೆ ಅಂದೇ ಅನ್ನುತ್ತಿದ್ದ. ಆಗ ಇವಳು ಎರಡು ಮಾತು ಹೆಚ್ಚಿಗೆ ಬೈಯುತ್ತಿದ್ದಳು. ಅದಷ್ಟೇ ಬೇಕಿತ್ತು ಅವಳಿಗೆ. ಅದು ಯಾವ ಮಿಷನ್ನಿನಲ್ಲೂ ಬರಲಿಲ್ಲ.

“ಕ್ರೇಟು ಇಳಿಸ್ಕೊಳ್ಳಿ ಭಾವ,” ಅಂದಳು.

ಟೀವಿಗಳು ಹೋದವು. ಅಂಗಡಿಯಲ್ಲೀಗ ಟೊಮೇಟೊ. ಈಗಲೂ ಬೆಳಿಗ್ಗೆ ನರಸಮ್ಮ ಶಟರ್ ಎತ್ತಿ, ಕ್ರೇಟಿನ ಮುಂದೆ ಕೂತು, ಒಂದೊಂದನ್ನೇ ಒತ್ತಿ ನೋಡುತ್ತಾಳೆ. ಗಟ್ಟಿ ಇದ್ದದ್ದು ಒಂದು ಕಡೆ. ಮೆತ್ತಗಾದದ್ದು ಒಂದು ಕಡೆ. ಕೊಳೆತದ್ದನ್ನು ಬಾಂಡ್ಲಿಗೆ ಹಾಕಿ, ಮೂಲೆಯಲ್ಲಿ ಕಾಯುವ ಹಸುವಿಗೆ ಸುರಿದು ಬಂದು, ಕೈ ತೊಳೆದುಕೊಳ್ಳುತ್ತಾಳೆ.